ಬುಬೈರಾ ಎಜೆಯ ಶೇಕಡಾ ಒಂಬತ್ತು

ಹತ್ತಿ ಬಂತು, ಕಿಟಕಿಯಿಂದ ತೇಲಿಕೊಂಡು, ಪಾಪ್ಲರ್ ಮರದ ಹತ್ತಿ, ಜೂನ್ ಬಂತೆಂದರೆ ಬಿಷ್ಕೆಕ್ ತುಂಬ ಇದರದ್ದೇ ಕಾಟ, ಬಂದು ಬುಬೈರಾಳ ಎಡ ಮುಂಗೈ ಮೇಲೆ ಕೂತಿತು, ಉಫ್ ಎಂದು ಊದಿಬಿಡೋಣವೆಂದರೆ ಬಾಯಲ್ಲಿ ರಬ್ಬರಿನ ಕೊಳವೆ, ಮೂಗಿಗೆ ಕ್ಲಿಪ್ಪು, ಅಲ್ಲಾಡ್ಬೇಡಿ ಎಜೆ ಅಂದಿದ್ದಾಳೆ ಜಿಬೆಕ್, ಹಿರಿಯಕ್ಕನಿಗೆ ಇಲ್ಲಿ ಎಜೆ ಎನ್ನುತ್ತಾರೆ, ಬೆರಳು ಕೂಡ ಅಲ್ಲಾಡಿಸ್ಬೇಡಿ, ಇಪ್ಪತ್ತೇ ನಿಮಿಷ — ಇಪ್ಪತ್ತು ನಿಮಿಷ ಮಾತಿಲ್ಲದೆ ಇರುವುದು, ಅರವತ್ತಮೂರು ವರ್ಷದಲ್ಲಿ ಇಂಥ ಶಿಕ್ಷೆ ಕಂಡಿರಲಿಲ್ಲ, ಕಾಡಿರ್ ಇದನ್ನು ನೋಡಬೇಕಿತ್ತು, ಗಂಡನಾಗಿ ಮೂವತ್ತೆಂಟು ವರ್ಷದಿಂದ ಅವನು ಹುಡುಕುತ್ತಿದ್ದ ಯಂತ್ರ ಇದೇ, ಮನೆಗೊಂದು ತರೋಣ್ವಾ ಎನ್ನುತ್ತಿದ್ದ ಮಹರಾಯ. ಎಂಜಲು ಗಲ್ಲದ ಮೇಲೆ ಸಣ್ಣಗೆ ಇಳಿಯುತ್ತಿದೆ, ಒರೆಸುವ ಹಾಗಿಲ್ಲ, ಇರಲಿ, ನಲವತ್ತು ಜನ ಕುರಿಗಾಹಿಗಳನ್ನು ಹೀಗೇ ಮಲಗಿಸಿ ಮೂಗು ಹಿಂಡಿ ಉಸಿರು ಅಳೆದವಳಲ್ಲವೇ ನೀನು, ಈಗ ಅನುಭವಿಸು. ಉಸಿರು ಒಳಗೆ, ಉಸಿರು ಹೊರಗೆ, ಕೊಳವೆಯಲ್ಲಿ ಗೊಸ್ ಗೊಸ್ ಎನ್ನುವ ಸದ್ದು, ಮೈಯೆಲ್ಲ ಸಡಿಲ, ಚೆನ್ನಾಗಿದೆ, ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿದೆ, ಕೆಲಸದ ದಿನ ಬೆಳಿಗ್ಗೆ ಒಂಬತ್ತೂವರೆಗೆ ಹೀಗೆ ಅಂಗಾತ ಮಲಗಿ ಚಾವಣಿಯ ಬಿರುಕು ನೋಡುವುದು ಯಾರ ಭಾಗ್ಯ. ಜಿಬೆಕ್ ಮಾತ್ರ ಪಾಪ, ಯಂತ್ರದ ಮುಂದೆ ತುದಿಗಾಲಲ್ಲಿ ನಿಂತಿದ್ದಾಳೆ, ಮೂವತ್ತು ವರ್ಷದ ಹುಡುಗಿ, ಕಣ್ಣ ಕೆಳಗೆ ಕಪ್ಪು, ಮೂರನೆಯ ವರ್ಷದ ಸಂಶೋಧನೆ, ಒಂದು ವರ್ಷದಿಂದ ಸರಿಯಾಗಿ ನಕ್ಕಿಲ್ಲ. ಸುಸಾಮಿರ್ ಹುಲ್ಲುಗಾವಲಿಗೆ ಹೋಗಿ ಮೂವತ್ತೊಂದು ಕುರಿಗಾಹಿಗಳ ಉಸಿರು ಅಳೆದುಕೊಂಡು ಬಂದಳು, ಬುಬೈರಾ ಎಜೆ ಕಂಡುಹಿಡಿದದ್ದನ್ನು ಹೊಸ ಯಂತ್ರದಲ್ಲಿ ಇನ್ನೊಮ್ಮೆ ತೋರಿಸಿಬಿಟ್ಟರೆ ಮೊದಲ ಅಧ್ಯಾಯ ಮುಗಿಯಿತು, ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದಳು. ಸಿಕ್ಕಿದ್ದು ಸೊನ್ನೆ. ಅಂದಿನಿಂದ ಯಂತ್ರದ ಮೇಲೆ ಅನುಮಾನ, ಅನಿಲದ ಸಿಲಿಂಡರ್ ಮೇಲೆ ಅನುಮಾನ, ತನ್ನ ಕೈ ಮೇಲೆ ಅನುಮಾನ, ಎಜೆಯ ಪ್ರಬಂಧದ ಮೇಲೆ ಮಾತ್ರ ಅನುಮಾನವಿಲ್ಲ, ಅದನ್ನು ಜಗತ್ತೇ ಒಪ್ಪಿದೆಯಲ್ಲ. ಅದಕ್ಕೇ ಈ ಹೊತ್ತಿನ ಪರೀಕ್ಷೆ. ನೀವೂ ಸುಸಾಮಿರ್‌ನಲ್ಲೇ ಹುಟ್ಟಿದವರು ಎಜೆ, ನಿಮ್ಮ ಮೈಯಲ್ಲಿ ಆ ಒಂಬತ್ತು ಇರ್ಲೇಬೇಕು, ಯಂತ್ರ ಅದನ್ನ ಹಿಡಿದ್ರೆ ಯಂತ್ರ ಸರಿ, ಹಿಡೀದಿದ್ರೆ ಯಂತ್ರ ಕೆಟ್ಟಿದೆ, ಎಂದಳು. ಬುದ್ಧಿವಂತೆ.

ಒಂಬತ್ತು. ಬುಬೈರಾ ಎಜೆಯ ಶೇಕಡಾ ಒಂಬತ್ತು, ಹಾಗೆಂದೇ ಕರೆಯುತ್ತಾರೆ ಸಂಸ್ಥೆಯಲ್ಲಿ, ಮಗಳ ಹೆಸರು ಹೇಳಿದ ಹಾಗೆ — ತಿಯೆನ್ ಶಾನ್ ಬೆಟ್ಟಗಳಲ್ಲಿ ಹುಟ್ಟಿದವರು ಖಾಲಿ ಹೊಟ್ಟೆಯಲ್ಲಿ ಸುಮ್ಮನೆ ಮಲಗಿದ್ದರೂ ಬಯಲಿನವರಿಗಿಂತ ನೂರಕ್ಕೆ ಒಂಬತ್ತು ಪಾಲು ಹೆಚ್ಚು ಆಮ್ಲಜನಕ ಸುಡುತ್ತಾರೆ, ಅವರ ಒಲೆ ಯಾವಾಗಲೂ ಒಂದಿಷ್ಟು ಜೋರಾಗಿಯೇ ಉರಿಯುತ್ತಿರುತ್ತದೆ, ಕೆಳಗೆ ಬಂದು ನೆಲೆಸಿದರೂ ಆರುವುದಿಲ್ಲ. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಅಳೆದದ್ದು, ಇಪ್ಪತ್ತೆಂಟರ ಹುಡುಗಿಯಾಗಿ, ಕುದುರೆಯ ಎರಡು ಪಕ್ಕದಲ್ಲೂ ಉಸಿರು ತುಂಬುವ ಕ್ಯಾನ್ವಾಸ್ ಚೀಲ ನೇತುಹಾಕಿಕೊಂಡು. ಪ್ರಬಂಧ ಮಾಸ್ಕೋದಲ್ಲಿ ಅಚ್ಚಾಯಿತು, ಮೊದಲ ಹೆಸರು ಪ್ರೊಫೆಸರ್ ಗ್ರಿಗೊರಿ ಪೆತ್ರೊವಿಚ್‌ರದು, ಆಗಿನ ಪದ್ಧತಿಯೇ ಹಾಗೆ, ವಿಭಾಗದ ಹಿರಿಯರ ಹೆಸರು ಮೊದಲು, ಅವರು ಕುದುರೆ ಹತ್ತಿದವರಲ್ಲ, ಮಟನ್ ಕೊಬ್ಬು ಕಂಡರೆ ಮುಖ ತಿರುಗಿಸುತ್ತಿದ್ದರು, ಆದರೂ ಮೊದಲು ಅವರೇ, ಆಮೇಲೆ ಇನ್ನಿಬ್ಬರು, ಕೊನೆಗೆ ಇವಳು, ಹಾಗಾಗಿ ಜಗತ್ತು ಆ ಪ್ರಬಂಧವನ್ನು ಉಲ್ಲೇಖಿಸಿದಾಗಲೆಲ್ಲ ಗ್ರಿಗೊರಿ ಪೆತ್ರೊವಿಚ್ ಮತ್ತಿತರರು ಎಂದೇ ಬರೆಯಿತು, ಇಪ್ಪತ್ತು ವರ್ಷ ಬುಬೈರಾ ಮತ್ತಿತರರಾಗಿಯೇ ಬಾಳಿದಳು, ಬೇಜಾರೇನೂ ಆಗಲಿಲ್ಲ, ಇಲ್ಲಪ್ಪ, ಸುಳ್ಳು, ಸ್ವಲ್ಪ ಆಗಿತ್ತು. ಆಮೇಲೆ ಕಂಪ್ಯೂಟರ್ ಬಂತು, ಎಲ್ಲ ಹೆಸರುಗಳನ್ನೂ ಒಂದೇ ಸಮ ನೋಡುವ ಪುಣ್ಯಾತ್ಮ ಅದು, ಅದರಲ್ಲಿ ಅವಳ ಹೆಸರು ಒತ್ತಿದರೆ ಐವತ್ತೆಂಟು ಪ್ರಬಂಧ. ಅದರಲ್ಲಿ ನಲವತ್ತು ಸಂಸ್ಥೆಯ ವಾರ್ಷಿಕ ಸಂಪುಟದಲ್ಲಿ ಬಂದವು, ಬೂದಿಬಣ್ಣದ ಕಾಗದ, ಓದಿದವರು ಇಬ್ಬರು, ಬರೆದವಳು ಮತ್ತು ಅಕ್ಷರ ಜೋಡಿಸಿದವನು. ಮಿಕ್ಕವನ್ನು ಅಲ್ಲೊಬ್ಬ ಇಲ್ಲೊಬ್ಬ ಎತ್ತಿ ಹೇಳಿದ್ದಾನೆ, ಎಲ್ಲ ಸೇರಿ ಎಂಬತ್ತೇಳು. ಆ ಒಂದು ಮಾತ್ರ, ಶೇಕಡಾ ಒಂಬತ್ತು, ಇನ್ನೂರ ಹದಿನಾಲ್ಕು. ಸೋಮವಾರ ಬೆಳಿಗ್ಗೆ ಚಹಾ ಲೋಟ ಪಕ್ಕಕ್ಕಿಟ್ಟುಕೊಂಡು ಅದನ್ನು ನೋಡುವುದು ಒಂದು ಚಟ, ನೂರ ತೊಂಬತ್ತೆಂಟು, ನೂರ ತೊಂಬತ್ತೆಂಟು, ಮತ್ತೆ ಅದೇ, ಒಂದು ದಿನ ಇದ್ದಕ್ಕಿದ್ದಂತೆ ಇನ್ನೂರ ಒಂದು, ಅವತ್ತು ದಾರಿಯಲ್ಲಿ ಒಂದು ಕಿಲೋ ಚೆರ್ರಿ ಹಣ್ಣು ಕೊಂಡು ಮನೆಗೆ ಹೋಗಿದ್ದಳು. ಪೆರುವಿನಲ್ಲಿ ಒಬ್ಬ, ಲಾಸಾದಲ್ಲಿ ಒಬ್ಬಳು, ಇಥಿಯೋಪಿಯಾದಲ್ಲಿ ಒಂದು ಗುಂಪು, ತಮ್ಮ ತಮ್ಮ ಬೆಟ್ಟದವರನ್ನು ಅಳೆದು ನೋಡಿದರು, ಯಾರಿಗೂ ಸಿಗಲಿಲ್ಲ, ಹಾಗಾದರೆ ತಿಯೆನ್ ಶಾನ್ ಜನರ ಜಾತಿಯೇ ಬೇರೆ ಎಂದು ಬರೆದರು, ಪಠ್ಯಪುಸ್ತಕದಲ್ಲೂ ಒಂದು ಸಾಲು ಬಂತು, ಆ ಸಾಲನ್ನು ಕಾಡಿರ್‌ಗೆ ಓದಿ ಹೇಳಿದಾಗ ಅವನು, ಇನ್ನೂರು ಜನ ನಿನ್ನ ಹೆಸರು ಹೇಳಿದ್ರು ಕಣೇ, ಒಬ್ಬನಾದ್ರೂ ಒಂದು ಕಿಲೋ ಸಕ್ಕರೆ ತಂದ್ಕೊಟ್ನಾ ಎಂದ. ಆಮೇಲೆ ಚಹಾ ಅಂಗಡಿಯಲ್ಲಿ ತನ್ನ ಗೆಳೆಯರಿಗೆಲ್ಲ ಅದೇ ಸಾಲನ್ನು ಬಾಯಿಪಾಠ ಒಪ್ಪಿಸಿದ ಎಂದು ನಂತರ ತಿಳಿಯಿತು.

ಬಾಗಿಲು. ಯಾರೋ ಬಂದರು, ಕುತ್ತಿಗೆ ತಿರುಗಿಸುವ ಹಾಗಿಲ್ಲ, ಷೂಸಿನ ಕಿರಗುಟ್ಟುವ ಸದ್ದು ಎರ್ಮೆಕ್‌ನದು, ನಿರ್ದೇಶಕ, ಈಗ ದೊಡ್ಡ ಮನುಷ್ಯ, ಅವಳ ವಿದ್ಯಾರ್ಥಿಯಾಗಿದ್ದಾಗ ಸೂಜಿ ಕಂಡರೆ ತಲೆ ಸುತ್ತಿ ಬೀಳುತ್ತಿದ್ದ. ಎಜೆ, ಮಾತಾಡ್ಬೇಡಿ, ಮಾತಾಡೋಕಾಗಲ್ಲ ಅಂತ ಗೊತ್ತಾಗಿಯೇ ಈಗ ಬಂದೆ, ಬೇರೆ ದಿನ ನನಗೆ ಬಾಯಿ ಬಿಡೋಕೇ ಬಿಡಲ್ಲ ನೀವು — ಕತ್ತೆ, ಎಂದಳು ಬುಬೈರಾ, ಮನಸ್ಸಿನಲ್ಲೇ — ಮೇಲಿನಿಂದ ಪಟ್ಟಿ ಬಂತು ಎಜೆ, ನಾಲ್ಕು ವಿಭಾಗ ಮುಚ್ತಾರಂತೆ, ಆದ್ರೆ ಇನ್ನೂರಕ್ಕಿಂತ ಹೆಚ್ಚು ಸಲ ಉಲ್ಲೇಖ ಆಗಿರೋ ಕೆಲಸ ಒಂದಾದ್ರೂ ಇದ್ರೆ ಆ ವಿಭಾಗ ಮುಟ್ಟೋ ಹಾಗಿಲ್ಲ, ಇಡೀ ಸಂಸ್ಥೆಯಲ್ಲಿ ಅಂಥದ್ದು ಒಂದೇ ಒಂದು, ಯಾರದ್ದು ಹೇಳಿ, ಹೇಳ್ಬೇಡಿ ಹೇಳ್ಬೇಡಿ, ನಿಮ್ಮದೇ, ನಿಮ್ಮ ವಿಭಾಗ ಉಳೀತು, ಬೆಟ್ಟದ ಮೇಲಿನ ಅಕ್-ಬೆಲ್ ಕೇಂದ್ರಾನೂ ಉಳೀತು, ಐದು ವರ್ಷ, ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ಅಕ್-ಬೆಲ್! ಎದೆ ಒಮ್ಮೆ ಹಿಗ್ಗಿತು, ಕೊಳವೆಯಲ್ಲಿ ಗೊಸ್ಸೆಂದು ದೊಡ್ಡ ಉಸಿರು ಹೋಯಿತು, ಎಜೆ ನಿಧಾನ ನಿಧಾನ ಎಂದಳು ಜಿಬೆಕ್, ನಿಧಾನ ಹೇಗೆ ಮಗಳೇ, ಕಣಿವೆ ದಾಟುವ ದಾರಿಯ ನೆತ್ತಿಯಲ್ಲಿರುವ ಆ ಎರಡು ಕೋಣೆ, ಸಗಣಿ ಬೆರಣಿಯ ಒಲೆ, ಗೋಡೆಗೆ ಒರಗಿಸಿದ ಹಳೆಯ ತಕ್ಕಡಿ, ಜುಲೈನಲ್ಲೂ ಬೆಳಿಗ್ಗೆ ಬಕೆಟ್ ನೀರಿನ ಮೇಲೆ ಮಂಜಿನ ಪೊರೆ, ಮೂವತ್ತನಾಲ್ಕು ಬೇಸಿಗೆ ಅಲ್ಲಿ ಕಳೆದಿದ್ದಾಳೆ, ಹೆರಿಗೆಯಾದ ವರ್ಷ ಒಂದನ್ನು ಬಿಟ್ಟು, ಅದು ಮುಚ್ಚಿದರೆ ಎಂದು ಚಳಿಗಾಲದಿಂದ ಒಳಗೊಳಗೇ ಕೊರಗುತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಶನಿವಾರ ಕುರಿ ಕಡೀತೀವಿ ಎಜೆ, ಅಂಗಳದಲ್ಲೇ, ಹಿರಿಯ ಗಂಡಸಿಗೆ ಗೌರವಕ್ಕೆ ಕೊಡೋ ಕುರಿ ತಲೆ ಈ ಸಲ ನಿಮ್ಮ ತಟ್ಟೆಗೇ, ಗಂಡಸರು ಏನು ಬೇಕಾದ್ರೂ ಗೊಣಗಲಿ. ಹೋದ, ಷೂಸು ಕಿರಗುಟ್ಟಿಸುತ್ತ, ಬಾಗಿಲಲ್ಲಿ ನಿಂತು ಇನ್ನೊಂದು ಮಾತು, ಎಷ್ಟು ಚೆನ್ನಾಗಿದೆ ನಿಮ್ ಜೊತೆ ಮಾತಾಡೋದು, ಎಂದ. ನಗು ಬಂತು, ನಗುವ ಹಾಗಿಲ್ಲ, ಕಣ್ಣಿಂದ ನೀರಾಗಿ ಇಳಿಯಿತು.

ಸುಖ ಎಂದರೆ ಇದೇ ಇರಬೇಕು, ಅಂಗಾತ ಮಲಗಿ, ಕಿವಿಯ ಬಳಿ ಕಣ್ಣೀರು ಕಚಗುಳಿ ಇಡುತ್ತ, ಮುಂಗೈ ಮೇಲೆ ಹತ್ತಿ, ಸಂಜೆ ಕಾಡಿರ್‌ಗೆ ಹೇಳಬೇಕು, ಅವನು ಮೊದಲು ಹೌದಾ ಎನ್ನುತ್ತಾನೆ, ಆಮೇಲೆ ಎದ್ದು ಹೋಗಿ ಬಾಲ್ಕನಿಯಲ್ಲಿ ಒಬ್ಬನೇ ನಿಂತು ಮೂಗು ಸೀಟಿಕೊಳ್ಳುತ್ತಾನೆ, ಅವನ ಸಂತೋಷ ಹಾಗೆ. ಎಜೆ! ಜಿಬೆಕ್ ಕೂಗಿದಳು. ಎಜೆ, ಬಂತು, ಒಂಬತ್ತು! ಎಂಟೂ ಮುಕ್ಕಾಲು, ಒಂಬತ್ತು, ಒಂಬತ್ತೂ ಕಾಲು, ಅಲ್ಲೇ ನಿಂತಿದೆ ನೋಡಿ, ಯಂತ್ರ ಹಿಡೀತು, ನಿಮ್ಮ ಒಂಬತ್ತು ನಿಮ್ಮ ಮೈಯಲ್ಲೇ ಇದೆ! ಹುಡುಗಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಎರಡೂ, ತೋಳಿನಿಂದ ಮುಖ ಒರೆಸಿಕೊಂಡಳು, ಹೇಳಿದ್ನಲ್ಲ ಯಂತ್ರ ಸರಿ ಇದೆ ಅಂತ, ಅಂದ್ರೆ ತಪ್ಪು ನನ್ನದೇ, ಅಲ್ಲಿ ಮಾಸ್ಕು ಸರಿಯಾಗಿ ಕಟ್ಟಿಲ್ಲ ನಾನು, ಗಾಳಿ ಸೋರಿದೆ, ಪರವಾಗಿಲ್ಲ ಎಜೆ, ಆ ಮೂವತ್ತೊಂದೂ ಬಿಸಾಡ್ತೀನಿ, ಇವತ್ತೇ ಅಳಿಸ್ತೀನಿ, ಇನ್ನೊಂದ್ಸಲ ಹೋಗ್ತೀನಿ, ಈ ಸಲ ನೀವು ಹೇಗ್ ಮಾಡಿದ್ರೋ ಹಾಗೇ ಮಾಡ್ತೀನಿ. ಮಾಡು ಮಗಳೇ, ಎಷ್ಟು ಹಗುರವಾಯಿತು ಎಲ್ಲ, ಒಂಬತ್ತು, ತನ್ನ ಮೈಯಲ್ಲೇ, ಅರವತ್ತಮೂರರಲ್ಲೂ ಆರದ ಒಲೆ, ಸುಸಾಮಿರ್‌ನ ಬೆಂಕಿ ಇನ್ನೂ — ತೇಗು ಬಂತು. ಹಾಳಾದ್ದು, ಬಾಯಲ್ಲಿ ಕೊಳವೆ ಇರುವಾಗಲೇ, ಹೊಟ್ಟೆಯ ತಳದಿಂದ ಎದ್ದು ಗಂಟಲಿಗೆ, ನಾಲಗೆಗೆ, ಹುಳಿ, ಹುಳಿ ಜೊತೆಗೆ ಹೊಗೆಯ ವಾಸನೆ, ಹೊಗೆ ಹಾಕಿದ ತೊಗಲಿನ ಚೀಲದ್ದು, ಎಲ್ಲಿಂದ ಬಂತು ಇದು, ಖಾಲಿ ಹೊಟ್ಟೆಯಲ್ಲಿ ಎಲ್ಲಿಂದ. ಕುಮಿಸ್. ಬೆಳಿಗ್ಗೆ. ತಮ್ಮನ ಹೆಂಡತಿ ಊರಿನಿಂದ ವ್ಯಾನ್ ಡ್ರೈವರ್ ಕೈಲಿ ಕಳಿಸಿದ್ದು, ಈ ವರ್ಷದ ಮೊದಲ ಕುಮಿಸ್, ಕುದುರೆ ಹಾಲು ಹುಳಿಬಂದು ಜುಮುಜುಮು ಎನ್ನುವಂಥದ್ದು, ಆರೂವರೆಗೆ ಬಾಗಿಲಲ್ಲಿ ಬಾಟಲಿ ಕೊಟ್ಟ, ಅಡುಗೆಮನೆಯಲ್ಲಿ ನಿಂತೇ ಒಂದು ದೊಡ್ಡ ಬಟ್ಟಲು ಗಟಗಟ ಇಳಿಸಿ ಆಹಾ ಎಂದಿದ್ದಳು. ಏನೂ ತಿಂದಿಲ್ಲ ತಾನೆ ಎಜೆ, ಎಂದು ಜಿಬೆಕ್ ಕೇಳಿದಳು, ಕ್ಲಿಪ್ಪು ಹಾಕುವ ಮುಂಚೆ. ಏನೂ ಇಲ್ಲ ಕಣೇ, ನಿನ್ನೆ ಸಂಜೆಯಿಂದ ಒಂದು ಚೂರು ರೊಟ್ಟಿ ಮುಟ್ಟಿಲ್ಲ, ಎಂದಳು. ಸುಳ್ಳು ಹೇಳಲಿಲ್ಲ. ದೇವರಾಣೆ ಸುಳ್ಳಲ್ಲ. ಕುಮಿಸ್ ಕುಡಿಯುವುದನ್ನು ಯಾರು ತಿನ್ನುವುದು ಎನ್ನುತ್ತಾರೆ.

ಯಾರೂ ಎನ್ನುವುದಿಲ್ಲ. ಎದೆ ಧಸಕ್ಕೆಂದಿತು, ಯಂತ್ರ ಅದನ್ನೂ ಬರೆದುಕೊಂಡಿರಬೇಕು. ಹೊಟ್ಟೆಗೆ ಏನು ಬಿದ್ದರೂ ಮೈ ಅದನ್ನು ಅರಗಿಸಲು ಒಲೆ ಜೋರು ಮಾಡುತ್ತದೆ, ಶೇಕಡಾ ಎಂಟು, ಒಂಬತ್ತು, ಹತ್ತು, ಎರಡನೆಯ ವರ್ಷದ ಮಕ್ಕಳಿಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಇದೇ ಬುಬೈರಾ ಬೋರ್ಡಿನ ಮೇಲೆ ಬರೆದು ತೋರಿಸುತ್ತಾಳೆ, ಮೂವತ್ತು ವರ್ಷದಿಂದ, ಅದೇ ಬಿಳಿ ಸೀಮೆಸುಣ್ಣ, ಅದೇ ಮಾತು. ಸೋನುನ್ ಅಪಾ. ಯಾಕೆ ಈಗ ಸೋನುನ್ ಅಪಾ — ಎಂಬತ್ತೊಂಬತ್ತರ ಆ ಬೇಸಿಗೆಯ ಮುದುಕಿ, ಎಲ್ಲರಿಗೂ ಅಪಾ, ಅಮ್ಮ, ಬಿಳಿ ರುಮಾಲು, ಅವರ ಉಣ್ಣೆಗುಡಾರದಲ್ಲೇ ಮೊದಲ ಅಳತೆ ಶುರುವಾದದ್ದು, ಬೆಳಗಿನ ಮಂಜಿನಲ್ಲಿ ಕುದುರೆ ಕಟ್ಟಿ ಒಳಗೆ ಬಗ್ಗಿದರೆ ಬಟ್ಟಲು ಮುಂದೆ ಬಂತು, ಎರಡು ಕೈಯಲ್ಲಿ ಹಿಡಿದ ಬಟ್ಟಲು, ಅಂಚಿನವರೆಗೆ ತುಂಬಿದ್ದು. ಅಪಾ, ಇವತ್ತು ಇವರು ಏನೂ ತಿನ್ನೋ ಹಾಗಿಲ್ಲ, ಎಂದಿದ್ದಳು. ಯಾರೇ ತಿನ್ನು ಅಂದೋರು, ಕುಮಿಸ್ ಕುಡಿ ಅಂದೆ, ಮೊದ್ಲು ನೀನು ಕುಡಿ, ಮನೆಗೆ ಬಂದ ಹೆಣ್ಣುಮಗಳು ಒಬ್ಳೇ ಕುಡಿಯೋದುಂಟಾ, ಏಯ್, ಇವಳ ಜೊತೆ ನೀನೂ ಕುಡಿಯೋ, ಎಂದು ಮಗನಿಗೂ ಒಂದು ಕೊಟ್ಟಳು ಮುದುಕಿ, ಅವನು ಕುಡಿದು ಮೀಸೆ ಒರೆಸಿಕೊಂಡು ಚಾಪೆಯ ಮೇಲೆ ಮಲಗಿದ, ಬುಬೈರಾ ಅವನ ಮೂಗಿಗೆ ಕ್ಲಿಪ್ಪು ಹಾಕಿ ಹಾಳೆಯಲ್ಲಿ ತುಂಬಿದಳು, ಹೆಸರು, ವಯಸ್ಸು, ತೂಕ, ಖಾಲಿ ಹೊಟ್ಟೆ: ಹೌದು. ಹೌದು ಎಂದು ಬರೆಯುವಾಗ ಯೋಚನೆಯೇ ಬರಲಿಲ್ಲ, ಊಟವಾಯಿತೇ ಎಂದರೆ ಆಗಲಿಲ್ಲ ಬರೀ ಕುಮಿಸ್ ಕುಡಿದೆ ಎನ್ನುವ ಮನೆಯಲ್ಲಿ ಬೆಳೆದವಳು ಅವಳೂ. ಮರುದಿನ ಇನ್ನೊಂದು ಗುಡಾರ, ಇನ್ನೊಂದು ಕೈ, ಅದೇ ಬಟ್ಟಲು. ಗ್ರಿಗೊರಿ ಪೆತ್ರೊವಿಚ್ ಒಂದೇ ಒಂದು ಸಲ ಬಂದಿದ್ದರೆ, ಆ ವಾಸನೆಗೇ ಮುಖ ಕಿವುಚಿ ಇದೇನಿದು ಎಂದು ಕೇಳಿರುತ್ತಿದ್ದರು, ಬಯಲಿನವರಿಗೆ ಅದು ಕಾಣಿಸುತ್ತದೆ, ನಮಗೆ ಕಾಣಿಸುವುದಿಲ್ಲ. ಇನ್ನೂ ದೊಡ್ಡ ತಮಾಷೆ, ಅವರು ಕುಡಿದದ್ದೇ ಅವಳಿಗಾಗಿ, ಅತಿಥಿ ಬಂದಳೆಂದು, ಅವಳು ಹೋಗದಿದ್ದರೆ ಆ ಹೊತ್ತಿನಲ್ಲಿ ಹೊಟ್ಟೆ ನಿಜವಾಗಿಯೂ ಖಾಲಿ ಇರುತ್ತಿತ್ತು.

ಎಂಟು ನಿಮಿಷ ಇದೆ ಎಜೆ, ಜಿಬೆಕ್ ಹಾಡಿದ ಹಾಗೆ ಹೇಳುತ್ತಾಳೆ, ಚೆನ್ನಾಗಿ ಹೋಗ್ತಿದೆ. ಬಾಯಿಯೇನೋ ಮುಚ್ಚಿದೆ. ಮುಚ್ಚಿಕೊಂಡೇ ಇರಲಿ, ಯಾರಿಗೆ ತಿಳಿಯುತ್ತದೆ, ಒಂದು ತೇಗು, ಅದನ್ನೂ ನುಂಗಿಯಾಯಿತು. ಹುಡುಗಿ ಮತ್ತೆ ಬೆಟ್ಟ ಹತ್ತುತ್ತಾಳೆ, ಎಜೆ ಮಾಡಿದ ಹಾಗೇ ಮಾಡುತ್ತಾಳೆ, ಬಟ್ಟಲು ಕೊಟ್ಟರೆ ಈ ಸಲ ಕುಡಿಯುತ್ತಾಳೆ, ಎದುರಿನವನೂ ಕುಡಿಯುತ್ತಾನೆ, ಒಂಬತ್ತು ಬರುತ್ತದೆ, ಅವಳಿಗೆ ಪದವಿ, ಇನ್ನೂರ ಹದಿನಾಲ್ಕು ಇನ್ನೂರ ಹದಿನೈದು ಆಗುತ್ತದೆ, ಅಕ್-ಬೆಲ್ ಐದು ವರ್ಷ, ಶನಿವಾರ ಕುರಿಯ ತಲೆ. ಎಲ್ಲರಿಗೂ ಒಳ್ಳೆಯದೇ. ಯಾರಿಗೆ ನಷ್ಟ, ಪೆರುವಿನವನಿಗೆ ಏನು ನಷ್ಟ — ಅವನಿಗೆ ನಷ್ಟವಾಗಿದೆ, ನಾಲ್ಕು ವರ್ಷ ತನ್ನ ಜನರಲ್ಲಿ ಹುಡುಕಿ ಸಿಗಲಿಲ್ಲವೆಂದು ಬರೆದಿದ್ದ, ಕೊನೆಯ ಸಾಲಿನಲ್ಲಿ ನಮ್ಮ ವಿಧಾನದಲ್ಲಿ ದೋಷವಿರಬಹುದು ಎಂದು ಸೇರಿಸಿದ್ದ ಪಾಪ, ಅದನ್ನು ಓದಿ ಬುಬೈರಾ ಮರುಕಪಟ್ಟಿದ್ದಳು, ಮರುಕ! ಬಟ್ಟಲು. ಜಿಬೆಕ್ ಹೋದ ವರ್ಷ ಸುಸಾಮಿರ್‌ನಲ್ಲಿ ಇದ್ದಾಗ ಅಲ್ಲಿಂದ ಫೋನ್ ಬಂದಿತ್ತು, ಸೋನುನ್ ಅಪಾರ ಮೊಮ್ಮಗ, ಬುಬೈರಾ ಎಜೆ, ಯಾರ ಮನೆ ಹುಡುಗೀನ ಕಳಿಸಿದ್ದೀರಾ, ಕೊಟ್ಟ ಬಟ್ಟಲು ಮುಟ್ಟಲ್ಲ, ನಮಗೂ ಕುಡಿಯೋಕೆ ಬಿಡಲ್ಲ, ಗುಡಾರದ ಬಾಗಿಲಲ್ಲಿ ಪೊಲೀಸಿನವಳ ಥರ ನಿಂತ್ಕೋತಾಳೆ, ನಮ್ಮಮ್ಮ ಅತ್ತೇಬಿಟ್ಳು. ಅವತ್ತು ಜಿಬೆಕ್‌ಗೆ ಎಂಥ ಬೈಗುಳ, ಬಟ್ಟಲು ತಳ್ಳೋದಾ, ನಿನಗೆ ಯಾರೂ ಹೇಳಿಕೊಟ್ಟಿಲ್ವಾ, ನಾನು ಮೂವತ್ತು ವರ್ಷದಲ್ಲಿ ಒಂದು ಬಟ್ಟಲು ಬೇಡ ಅಂದವಳಲ್ಲ ಎಂದಿದ್ದಳು ಬುಬೈರಾ, ಹೆಮ್ಮೆಯಿಂದ, ಇಡೀ ಕಾರಿಡಾರಿಗೆ ಕೇಳುವ ಹಾಗೆ, ಹುಡುಗಿ ತಲೆ ತಗ್ಗಿಸಿ, ಹಾಳೇಲಿ ಏನೂ ಸೇವಿಸಬಾರದು ಅಂತ ಇದೆಯಲ್ಲ ಎಜೆ, ಎಂದಿದ್ದಳು ಮೆಲ್ಲಗೆ. ಅಷ್ಟೇ ಹೇಳಿದ್ದು. ಮೂವತ್ತೊಂದು ಮನೆಯ ಕೋಪ ಕಟ್ಟಿಕೊಂಡು, ಮೂವತ್ತೊಂದು ಸಲ ಆ ಕೈಯನ್ನು ತಳ್ಳಿ, ಅತ್ತ ಹೆಂಗಸನ್ನು ನೋಡಿಯೂ ತಳ್ಳಿ ತಂದ ಸೊನ್ನೆ ಅದು, ಅಪ್ಪಟ ಸೊನ್ನೆ, ಈ ಕಟ್ಟಡದಲ್ಲಿ ಇಷ್ಟು ವರ್ಷದಲ್ಲಿ ಯಾರೂ ಇಷ್ಟು ಕಷ್ಟಪಟ್ಟು ಏನನ್ನೂ ತಂದಿಲ್ಲ, ತಾನೂ ತಂದಿಲ್ಲ. ಇವತ್ತೇ ಅಳಿಸುತ್ತಾಳಂತೆ. ಬಟ್ಟಲು, ಎರಡು ಕೈ, ಬಿಳಿ ರುಮಾಲು.

ಹೋಗಲಿ, ಹೇಳಿದರೆ ಏನಾಗುತ್ತದೆ, ಲೆಕ್ಕ ಹಾಕು ಬುಬೈರಾ, ಲೆಕ್ಕ ನಿನ್ನ ಕಸುಬು. ಪತ್ರಿಕೆಗೆ ಕಾಗದ ಬರೆಯಬೇಕು, ಖಾಲಿ ಹೊಟ್ಟೆ ಎಂದದ್ದು ತಪ್ಪು ಎಂದು, ಗ್ರಿಗೊರಿ ಪೆತ್ರೊವಿಚ್ ತೀರಿಕೊಂಡಿದ್ದಾರೆ, ಮಿಕ್ಕ ಇಬ್ಬರೂ ಇಲ್ಲ, ಉಳಿದಿರುವುದು ಮತ್ತಿತರರು ಮಾತ್ರ, ಸಹಿ ಹಾಕಬೇಕಾದವಳು ಅವಳೊಬ್ಬಳೇ. ಪ್ರಬಂಧದ ನೆತ್ತಿಯ ಮೇಲೆ ಹಿಂಪಡೆಯಲಾಗಿದೆ ಎಂಬ ಕೆಂಪಕ್ಷರ ಬೀಳುತ್ತದೆ. ಇನ್ನೂರ ಹದಿನಾಲ್ಕು ಹೋಗುತ್ತದೆ, ಎಂಬತ್ತೇಳು ಉಳಿಯುತ್ತದೆ, ಅಯ್ಯೋ, ಎಂಬತ್ತೇಳು, ಎರ್ಮೆಕ್ ಮುಖ ಸಣ್ಣದು ಮಾಡಿಕೊಂಡು, ಎಜೆ ನೀವು ಒಂದು ವಾರ ತಡೀಬಹುದಿತ್ತಲ್ಲ ಎನ್ನುತ್ತಾನೆ. ಅಕ್-ಬೆಲ್‌ಗೆ ಬೀಗ, ಇದೇ ಬೇಸಿಗೆಯಲ್ಲಿ ಬೀಳಬಹುದು. ನೋವಾಯಿತು, ಎದೆಯ ಮೂಳೆಯ ಹಿಂದೆ, ಸರಿಯಾಗಿ ನಡುವೆ, ಸುಳ್ಳು ಯಾಕೆ ಹೇಳಬೇಕು, ಅಳುವಷ್ಟು ನೋವಾಯಿತು. ಆಮೇಲೆ ಇನ್ನೊಂದು, ನೋವಿನ ಕೆಳಗಿನಿಂದ, ನಗು, ಬೇಡವೆಂದರೂ ನಗು, ಯೋಚಿಸು ಮಾರಾಯ್ತಿ, ಪೆರು, ಲಾಸಾ, ಇಥಿಯೋಪಿಯಾ, ಇನ್ನೂರ ಹದಿನಾಲ್ಕು ಪಂಡಿತರು, ಪಠ್ಯಪುಸ್ತಕ, ಮೂವತ್ತೈದು ವರ್ಷದಿಂದ ತಲೆ ಕೆಡಿಸಿಕೊಂಡು ತಿಯೆನ್ ಶಾನ್ ಜನರ ರಕ್ತದಲ್ಲಿ ಏನಿದೆ, ಎಲುಬಿನಲ್ಲಿ ಏನಿದೆ ಎಂದು ಹುಡುಕಿದ್ದು ಸೋನುನ್ ಅಪಾ ಬಡಿಸಿದ ಒಂದು ಬಟ್ಟಲು! ಮುದುಕಿಗೆ ಹೇಳಿದ್ದರೆ ರುಮಾಲಿನ ತುದಿ ಬಾಯಿಗೆ ಒತ್ತಿ ನಕ್ಕಿರುತ್ತಿದ್ದಳು, ನನ್ ಕುಮಿಸ್ ಅಷ್ಟು ದೂರ ಹೋಯ್ತಾ ಎಂದು. ಹೊಟ್ಟೆ ಕುಲುಕಿತು, ಯಂತ್ರದಲ್ಲಿ ಉಸಿರಿನ ಗೆರೆ ಕುಣಿದಿರಬೇಕು, ಎಜೆ ಯಾಕೆ, ಉಸಿರು ಕಟ್ತಿದ್ಯಾ, ನಾಲ್ಕೇ ನಿಮಿಷ, ತಡ್ಕೊಳ್ಳಿ, ಎನ್ನುತ್ತ ಜಿಬೆಕ್ ಓಡಿ ಬಂದು ಅವಳ ಹಣೆಯ ಮೇಲೆ ಕೈ ಇಟ್ಟಳು. ತಣ್ಣನೆಯ ಕೈ, ಅನಿಲದ ಸಿಲಿಂಡರ್ ತಿರುಗಿಸಿ ತಿರುಗಿಸಿ ಗಂಟುಬಿದ್ದ ಬೆರಳು, ಒಂದು ವರ್ಷ ತಾನು ಸರಿಯಿಲ್ಲವೆಂದು ನಂಬಿಕೊಂಡ ಕೈ.

ನಾಲ್ಕು ನಿಮಿಷ ಕಾಯಲಾಗಲಿಲ್ಲ. ಬುಬೈರಾ ಎಡಗೈ ಎತ್ತಿದಳು, ಕ್ಲಿಪ್ಪು ಕಿತ್ತಳು, ಕೊಳವೆ ಉಗಿದಳು, ಎಂಜಲು, ಗಾಳಿ, ಮೂಗಿನೊಳಗೆ ಜೂನ್ ತಿಂಗಳ ವಾಸನೆ, ಅಯ್ಯೋ ಎಜೆ ಹಾಳ್ಮಾಡಿದ್ರಿ ಎಂದು ಹುಡುಗಿ ಚೀರುತ್ತಿರುವಾಗಲೇ ಹೇಳಿದಳು, ಬೆಳಿಗ್ಗೆ ಕುಮಿಸ್ ಕುಡಿದಿದ್ದೆ ಕಣೇ. ಅದೇನು ಊಟಾನಾ ಎಜೆ, ಬರೀ ಕುಮಿಸ್ ತಾನೆ, ಅದಕ್ಕೋಸ್ಕರ ಯಾರಾದ್ರೂ — ಎಂದಳು ಜಿಬೆಕ್, ಅಲ್ಲಿಗೆ ನಿಂತಳು. ಬುಬೈರಾ ಅವಳನ್ನು ನೋಡುತ್ತಿದ್ದಳು, ಅದು ಅವಳ ಮುಖದ ಮೇಲೆ ಹತ್ತಿ ಬರುವುದನ್ನು, ಮೊದಲು ಕಣ್ಣಿಗೆ, ಆಮೇಲೆ ಕೆನ್ನೆಗೆ. ಒಂಬತ್ತು, ಎಂದಳು ಜಿಬೆಕ್. ಹೌದು, ಎಂದಳು ಬುಬೈರಾ. ನಿನ್ನ ಮೂವತ್ತೊಂದು ಸರಿ ಇವೆ ಮಗಳೇ, ಒಂದನ್ನೂ ಅಳಿಸ್ಬೇಡ, ನಿನ್ನ ಕೈ ಸರಿ ಇದೆ, ಮಾಸ್ಕು ಸರಿಯಾಗೇ ಕಟ್ಟಿದ್ದೀಯ, ಅವತ್ತು ಬೈದೆನಲ್ಲ, ಆ ಬೈಗುಳ ವಾಪಸ್ ತಗೊಂಡೆ, ಕಾಗದ ನಾನು ಬರೀತೀನಿ, ಎರ್ಮೆಕ್‌ಗೂ ನಾನೇ ಹೇಳ್ತೀನಿ, ಈಗ್ಲೇ, ಕುರಿ ಕೊಳ್ಳೋ ಮುಂಚೆ. ಹೇಳಿ ಮುಗಿಸಿದ ಮೇಲೆ ಮೈ ಎಷ್ಟು ಹಗುರ, ಏನಾಶ್ಚರ್ಯ, ಆಗ ಎರ್ಮೆಕ್ ಬಂದು ಹೋದಾಗಿನ ಹಗುರವೂ ಹೀಗಿರಲಿಲ್ಲ. ಆದರೆ ಜಿಬೆಕ್ ನಗಲಿಲ್ಲ, ಮಂಚದ ತುದಿಯಲ್ಲಿ ಕೂತಳು, ಬುಬೈರಾಳ ಕೈ ಹಿಡಿದುಕೊಂಡಳು, ಬೇಡುವವಳ ಹಾಗೆ ಹೇಳಿದಳು, ಅಕ್-ಬೆಲ್ ಹೋಗುತ್ತೆ ಎಜೆ, ಯೋಚನೆ ಮಾಡಿ, ನಲವತ್ತು ಜನಾನೂನಾ, ಎಲ್ಲಾರೂ ಕುಡಿದಿದ್ರಾ, ಒಬ್ಬಿಬ್ಬರಾದ್ರೂ ಕುಡೀದೆ ಮಲಗಿರ್ತಾರೆ, ಅವರ ಲೆಕ್ಕ ಬೇರೆ ಮಾಡಿ ನೋಡೋಣ, ಅವರಲ್ಲೂ ಒಂಬತ್ತು ಇದ್ರೆ, ಒಬ್ಬರೇ ಒಬ್ಬರು ಸಿಕ್ಕಿದ್ರೂ ಸಾಕು, ನೆನಪು ಮಾಡ್ಕೊಳ್ಳಿ. ಒಬ್ಬರು. ಬುಬೈರಾ ಕಣ್ಣು ಮುಚ್ಚಿದಳು, ಹುಡುಗಿ ಕೇಳಿದ್ದಾಳೆ, ಹುಡುಕಬೇಕು, ನ್ಯಾಯವಾಗಿ ಹುಡುಕಬೇಕು. ಕುದುರೆ ಒದ್ದು ಕಾಲು ಮುರಿದಿದ್ದ ಆ ಉದ್ದನೆಯವನು, ಮಲಗಿದಲ್ಲೇ ತಲೆ ಎತ್ತಿಸಿ ಹೆಂಡತಿ ಕುಡಿಸಿದಳು, ಬಟ್ಟಲು. ಅವಳಿ ಮಕ್ಕಳ ತಾಯಿ, ಒಂದು ಮಗು ಅತ್ತಿತೆಂದು ತಡವಾಯಿತು, ಅವಳಿಗೆ ಹೊತ್ತು ಸಿಕ್ಕಿರಲಿಕ್ಕಿಲ್ಲ, ಇಲ್ಲ, ಅತ್ತೆ ತಂದಳು, ಬಟ್ಟಲು. ನಮಾಜು ಮುಗಿಸಿ ಬಂದ ಮುದುಕ, ಕೊನೆಯ ಸಾಲಿನ ಗುಡಾರ, ಮಳೆ ಬರುತ್ತಿತ್ತು, ಎಲ್ಲರಿಗೂ ಅವಸರ, ಅಲ್ಲಿ ಖಂಡಿತ, ಅಲ್ಲಿ — ಬಾಗಿಲ ಪರದೆ ಸರಿಯಿತು, ಒಳಗಿನ ಹೊಗೆ, ಕತ್ತಲು, ಮುಖ ಕಾಣಿಸುವುದಿಲ್ಲ, ಎರಡು ಕೈ ಮುಂದೆ ಬಂತು, ತಗೋ ಮಗಳೇ, ಬಟ್ಟಲು, ಅಂಚಿನವರೆಗೆ ತುಂಬಿದ್ದು, ಬಟ್ಟಲು.